ಕರಿ ಗೆರೆಗೆ ಅಂಜು ಎಂದವರು

ಅವರ ಬಲಗೈಯ ನಡುಬೆರಳಿನಲ್ಲಿ, ಉಗುರಿನ ಪಕ್ಕಕ್ಕೆ, ಒಂದು ಜೋಳದ ಕಾಳು ಕೂಡುವಷ್ಟು ತಗ್ಗಿತ್ತು. ಮೂವತ್ತು ವರ್ಷಕ್ಕೂ ಮೇಲೆ ಗೆರೆ ಎಳೆಯುವ ಪೆನ್ನನ್ನು ಒತ್ತಿ ಹಿಡಿದು ಬಿದ್ದ ತಗ್ಗು. ಅದರ ತಳದಲ್ಲಿ ಕಪ್ಪು ಶಾಯಿ ಇಳಿದು ಕೂತಿತ್ತು. ನಿವೃತ್ತರಾಗಿ ಎಷ್ಟೋ ಮಳೆಗಾಲ ಕಳೆದರೂ ಅದು ಸೀಗೆಕಾಯಿಗೂ ಹೋಗಿರಲಿಲ್ಲ, ನಿಂಬೆಹಣ್ಣಿಗೂ ಹೋಗಿರಲಿಲ್ಲ. ರೊಟ್ಟಿ ಮುರಿಯುವಾಗ ಆ ಬೆರಳನ್ನು ಒಂಚೂರು ಮೇಲೆತ್ತಿ ಹಿಡಿಯುತ್ತಿದ್ದರು, ಶಾಯಿ ಈಗಲೂ ಹಸಿಯಾಗಿದೆ ಅನ್ನುವವರ ಹಾಗೆ.

ಜಮಖಂಡಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಯಜಮಾನಿ ಅವರು. ಮುಂದಿನ ಎರಡು ಕೋಣೆ ಅವರದು, ಹಿಂದಿನ ಒಂದು ಕೋಣೆ ನನ್ನದು. ಸರ್ಕಾರಿ ಕಚೇರಿಯೊಂದರಲ್ಲಿ ಟ್ರೇಸರ್ ಆಗಿದ್ದರು. ದೊಡ್ಡ ನಕಾಶೆಯ ಮೇಲೆ ತೆಳು ಹಾಳೆ ಹಾಸಿ, ಕೆಳಗೆ ಕಾಣುವ ಗೆರೆಗಳನ್ನು ಇದ್ದದ್ದು ಇದ್ದ ಹಾಗೆ ಮೇಲಿನ ಹಾಳೆಗೆ ಇಳಿಸುವ ಕೆಲಸ ಅದು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ, "ಪುರಸೊತ್ತ ಆಗಲಿಲ್ಲವಾ" ಅಂದು ಮಾತು ಮುಗಿಸುತ್ತಿದ್ದರು. ಓಣಿಯವರೆಲ್ಲ ಬಾಯಾರು ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ನನ್ನ ಬಗ್ಗೆಯೂ ಒಂದು ಮಾತು ಹೇಳಿಬಿಡಬೇಕು. ನಾನು ಹುಟ್ಟಾ ಅಂಜುಬುರುಕಿ. ಸಾವಳಗಿ ಕಡೆಯ ಒಣಬೇಸಾಯದ ಮನೆಯವಳು. ನಮ್ಮಲ್ಲಿ ನೀರೆಂದರೆ ಕೊಡದ ಲೆಕ್ಕ. ಅಂಥವಳಿಗೆ ಮೊದಲ ನೌಕರಿ ಬಂದದ್ದು ಕೃಷ್ಣೆಯ ದಂಡೆಯ ಒಂದು ಊರಿಗೆ. ನನ್ನ ಹುದ್ದೆಗೆ ಈಗ ಗ್ರಾಮ ಆಡಳಿತ ಅಧಿಕಾರಿ ಅನ್ನುವ ಉದ್ದನೆಯ ಹೆಸರಿದೆ, ಊರವರ ಬಾಯಲ್ಲಿ ಮಾತ್ರ ಇನ್ನೂ ತಲಾಟಿಯೇ. ಮೊದಲ ದಿನ ಹೊಳೆಯ ಮೆಟ್ಟಿಲಿನ ಮೇಲೆ ನಿಂತು ಆ ಅಗಲ ನೋಡಿದಾಗ ನನ್ನ ಕಾಲು ಗಡಗಡ ನಡುಗಿದ್ದು ಜೊತೆಗಿದ್ದ ವಾಲಿಕಾರನಿಗೆ ಕಾಣಬಾರದೆಂದು ನಿರಿಗೆ ಸರಿಪಡಿಸಿಕೊಳ್ಳುವವಳ ಹಾಗೆ ಬಗ್ಗಿದ್ದೆ. ಕಚೇರಿಯ ಕೈಯಾಳು ಅವನು. ಮರುದಿನವೇ ಊರಿಗೆಲ್ಲ ಹೇಳಿದ್ದ.

ಬಾಯಾರಿಗೂ ಅಂಜಿಕೆಯಿತ್ತು. ಆದರೆ ಅದು ಬೇರೆ ಜಾತಿಯದು. ಮಳೆ ಹನಿಯತೊಡಗಿದರೆ ಸಾಕು, ಛತ್ರಿ ಹಿಡಿದು ಹೊರಗೆ ಬಂದು ಓಣಿಯ ನೀರು ಯಾವ ಕಡೆ ಹರಿಯುತ್ತದೆಂದು ನೋಡುತ್ತ ನಿಂತುಬಿಡುವರು. "ಬಾಯಾರ, ಮಳಿ ಬಂದ್ರ ಮಂದಿ ಮಿರ್ಚಿ ಭಜಿ ಮಾಡತಾರ, ನೀವು ಗಟಾರ ನೋಡತೀರಿ" ಎಂದು ಛೇಡಿಸಿದರೆ, "ಭಜಿ ನೀ ಮಾಡು, ನಾ ನೋಡಿ ಬಂದು ತಿಂತೇನಿ" ಅನ್ನುವರು. ಒಮ್ಮೆ ಮಹಾಲಿಂಗಪುರದಿಂದ ಇಬ್ಬರೂ ಬಸ್ಸಿನಲ್ಲಿ ಬರುತ್ತಿದ್ದೆವು. ಎರಡೂ ಕಡೆ ಆಳೆತ್ತರ ಮೀರಿದ ಕಬ್ಬು, ಹಸಿರು ಗೋಡೆಯ ನಡುವೆ ಹೋದ ಹಾಗೆ, ಹೊರಗಿನ ನೆಲ ಏನೂ ಕಾಣದು. ಬಾಯಾರು ಕಣ್ಣು ಮುಚ್ಚಿ ಕೂತಿದ್ದರು. ಬಸ್ಸಿನ ಗೇರು ಬದಲಾದಾಗಲೆಲ್ಲ, "ಇಲ್ಲೊಂದು ಹಳ್ಳ... ಆತು, ದಾಟಿದ್ವಿ... ಈಗ ಏರು" ಎಂದು ಮೆಲ್ಲಗೆ ಹೇಳುತ್ತಿದ್ದರು. ಕಿಟಕಿಯಿಂದ ಕತ್ತು ಹೊರಹಾಕಿ ನೋಡಿದರೆ ರಸ್ತೆಯ ಕೆಳಗೆ ಒಂದು ಸಣ್ಣ ಮೋರಿ ಇರುತ್ತಿತ್ತು. ಒಂದೂ ತಪ್ಪಲಿಲ್ಲ. ನನಗೆ ಬೆರಗಿಗಿಂತ ಭಯವೇ ಆಯಿತು.

ಅವರಿಗೆ ಇದೆಲ್ಲ ಬಂದದ್ದು ಒಂದು ಹಳೆಯ ನಕಾಶೆಯಿಂದ. ಒಂದು ಮೈಲಿಗೆ ಒಂದು ಇಂಚಿನ ಅಳತೆಯದು, ಬಟ್ಟೆಗೆ ಅಂಟಿಸಿದ್ದು. ಕಚೇರಿಗೆ ಹೊಸವು ಬಂದಾಗ ರದ್ದಿಗೆ ಹಾಕುವವರಿದ್ದರಂತೆ; ಸಾಹೇಬರನ್ನು ಕೇಳಿ ಮನೆಗೆ ತಂದಿದ್ದರು. ಖಣದ ಬಟ್ಟೆಯಲ್ಲಿ ಸುತ್ತಿ, ಬೇವಿನ ಎಲೆ ಹಾಕಿ, ಟ್ರಂಕಿನ ತಳದಲ್ಲಿ ಇಟ್ಟಿದ್ದರು. ರವಿವಾರ ಮಧ್ಯಾಹ್ನ ಅದನ್ನು ಹೊರಸಿನ ಮೇಲೆ ಹರವಿ, ಬಗ್ಗಿ, ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡುವರು. ಮಡಿಕೆ ಬಿದ್ದ ಕಡೆ ಊರುಗಳೇ ಸವೆದುಹೋಗಿದ್ದವು.

ನನಗೆ ಓದಲು ಕಲಿಸಿದರು. ನಕಾಶೆಯಲ್ಲಿ ಈಗಿನ ಕಬ್ಬು ಎಲ್ಲಿಯೂ ಇಲ್ಲ. ಹಳದಿ ಬಳಿದಲ್ಲಿ ಬಿತ್ತುವ ಭೂಮಿ, ಬಿಳಿ ಬಿಟ್ಟಲ್ಲಿ ಕುರಿ ದನ ಮೇಯುವ ಬೀಳು. ನೀಲಿ ಚುಕ್ಕೆಗಳು ಬಾವಿ. ಅವು ಗುಂಪಾಗಿದ್ದಲ್ಲಿ ತೋಟ. ಕಂದು ಗೆರೆಗಳು ನೆಲದ ಎತ್ತರ ಹೇಳುತ್ತವೆ: ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರ ದೂರವಿದ್ದರೆ ಸಪಾಟು, ಸುತ್ತು ಹಾಕಿ ಕೂಡಿಕೊಂಡಿದ್ದರೆ ಅದೊಂದು ದಿನ್ನೆ. ಇಷ್ಟು ಗೊತ್ತಾದ ಮೇಲೆ ನಮ್ಮ ತಾಲೂಕು ನನಗೆ ಬಟ್ಟೆ ಕಳಚಿ ನಿಂತ ಹಾಗೆ ಕಾಣತೊಡಗಿತು, ಕಬ್ಬಿನ ಕೆಳಗೆ ಇಷ್ಟೊಂದು ಏರು ತಗ್ಗು ಇತ್ತೇ ಎಂದು.

"ಇದು ನೀ ನೌಕರಿ ಮಾಡೂ ಊರು" ಎಂದು ಒಂದು ದಿನ ತಾವೇ ತೋರಿಸಿದರು. ಮೇಲೆ ನೀಲಿ ಹೊಳೆ. ಹೊಳೆಯ ದಂಡೆಯ ಏರಿನ ಮೇಲೆ ಕೆಂಪು ಚೌಕಗಳ ಗುಂಪು, ಅದೇ ಊರು. ಊರ ಬೆನ್ನಿಗೆ, ಜಮಖಂಡಿಗೆ ಬರುವ ಹಾದಿಯನ್ನು ದಾಟಿ, ಒಂದು ಕಪ್ಪು ಗೆರೆ ಬಳಸಿಕೊಂಡು ಹೋಗಿ ಆಚೆ ಹೊಳೆಗೆ ಸೇರಿತ್ತು.

"ಇದು ಹಾದಿ ಅಲ್ರೀ?"

"ಹಾದಿ ಅಲ್ಲವಾ, ಹಳ್ಳ. ನೀರ ಇದ್ದದ್ದಕ್ಕ ನೀಲಿ, ಒಣಗಿದ್ದಕ್ಕ ಕರಿ. ಪಕ್ಕದಾಗ ಸಣ್ಣಂಗ ಹನ್ನೆರಡು ಅಂತ ಬರದಾರ ನೋಡು, ಅದು ದಂಡಿ ಎತ್ತರ. ಹನ್ನೆರಡು ಫೂಟ. ಎರಡಾಳ ತಗ್ಗ." ಆಮೇಲೆ ಕನ್ನಡಕ ತೆಗೆದು ನನ್ನನ್ನು ನೋಡಿದರು. "ತಂಗಿ, ನೀಲಿಗಿ ಅಂಜಬ್ಯಾಡ. ಅದು ಕಣ್ಣಿಗಿ ಕಾಣತೈತಿ. ಕರಿ ಗೆರಿಗಿ ಅಂಜು. ಅಂಜೂದು ತಪ್ಪಲ್ಲ, ಯಾ ಕಡಿಗಿ ಮುಖಾ ಮಾಡಿ ಅಂಜಬೇಕು ಅನ್ನೂದು ಗೊತ್ತಿರಬೇಕು."

"ಆದ್ರ ನಮ್ಮ ಕಚೇರಿ ಗ್ವಾಡಿ ಮ್ಯಾಲಿನ ನಕಾಶ್ಯಾಗ ಈ ಹಳ್ಳಾನ ಇಲ್ಲಲ್ರಿ" ಅಂದೆ. ಬಾಯಾರು ನಕಾಶೆ ಮಡಚಿಟ್ಟು ಒಳಗೆ ಹೋದರು. ಅವತ್ತು ಚಹಾಕ್ಕೂ ಕರೆಯಲಿಲ್ಲ. ನಾನೇನು ತಪ್ಪು ಮಾತಾಡಿದೆ ಎಂದು ತಿಳಿಯದೆ ಕಕ್ಕಾಬಿಕ್ಕಿಯಾದೆ.

ಮರುವಾರ ನನ್ನ ಕೈಗೆ ಒಂದು ತೆಳು ಹಾಳೆ ಕೊಟ್ಟರು. ನಮ್ಮೂರನ್ನಷ್ಟೇ ಟ್ರೇಸ್ ಮಾಡಿದ್ದರು: ಹೊಳೆ, ಊರು, ಹಾದಿ, ಹಳ್ಳ, ಹಳ್ಳದಾಚೆ ಕಂದು ಸುತ್ತಿನ ಒಂದು ದಿನ್ನೆ. ಆ ವಯಸ್ಸಿನಲ್ಲೂ ಗೆರೆ ಎಲ್ಲಿಯೂ ನಡುಗಿರಲಿಲ್ಲ. "ಹೋಗು, ಹಳ್ಳದಾಗ ಅಡ್ಡಾಡಿ ಬಾ" ಅಂದರು.

ಹೋದೆ. ಹಳ್ಳವೇ ಇಲ್ಲ. ಇದ್ದದ್ದು ಕಬ್ಬು. ಹೊಲದ ಬದುವಿನಲ್ಲಿ ಕೂತಿದ್ದ ಗೌಡರ ಮನೆಯ ಹಿರಿಯಳನ್ನು ಕೇಳಿದೆ. ಊರಿಗೆಲ್ಲ ಆಕೆ ಆಯಿ. ಎಲೆ ಅಡಿಕೆ ಹಾಕಿಕೊಂಡೇ ಪಂಚಾಯಿತಿ ಮಾಡುವ ಗಟ್ಟಿಗಿತ್ತಿ.

"ಹಳ್ಳಾನ? ನಾ ಸೊಸಿಯಾಗಿ ಬಂದಾಗ ಇತ್ತವಾ. ನೀರ ಬರೂದ ನಿಂತಿತ್ತು, ಸುಮ್ನ ಜಾಲಿಕಂಟಿ. ಎಲ್ಲಾರೂ ತಮ್ಮ ತಮ್ಮ ಹೊಲದಾಗಿಂದು ಮಣ್ಣ ಹಾಕಿ ಸಪಾಟ ಮಾಡಿದ್ರು. ಎಕರೆ ಎಕರೆ ಹೆಚ್ಚಾತು ನೋಡು."

ಬಾಯಾರು ಹೇಳಿದ್ದಂತೆ ಸೈಕಲ್ ತೆಗೆದುಕೊಂಡು ರಸ್ತೆಯ ಮೇಲೆ ಪೆಡಲ್ ತುಳಿಯದೆ ಬಿಟ್ಟೆ. ಸಪಾಟು ಅಂದುಕೊಂಡಿದ್ದ ರಸ್ತೆ ನನ್ನನ್ನು ತಾನೇ ಎಳೆದುಕೊಂಡು ಹೋಗಿ ಒಂದು ಕಡೆ ನಿಲ್ಲಿಸಿತು. ಅಲ್ಲಿ ರಸ್ತೆಯ ಕೆಳಗೆ ಎರಡೇ ಎರಡು ಸಿಮೆಂಟು ಪೈಪು. ಅಲ್ಲಿಯ ಕಬ್ಬು ಮಾತ್ರ ಅಕ್ಕಪಕ್ಕದ್ದಕ್ಕಿಂತ ಕಪ್ಪುಹಸಿರು, ಒಂದು ಮೊಳ ಹೆಚ್ಚು ಎತ್ತರ, ಹಾವು ಹೋದ ಹಾಗೆ ಬಳಸಿ ಬಳಸಿ ಹೋಗಿತ್ತು. ಹಳ್ಳ ಮುಚ್ಚಿದ್ದರೂ ಬೆಳೆಯಲ್ಲಿ ಉಳಿದಿತ್ತು. ಊರ ಶಾಲೆ ಅದರ ತಿರುವಿನ ಒಳಗೇ ನಿಂತಿತ್ತು.

ಆ ಮಳೆಗಾಲದಲ್ಲೇ ಹೊಳೆ ಏರಿತು. ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟ ಸುದ್ದಿ ದಿನಕ್ಕೆ ನಾಲ್ಕು ಸಲ ಬರುತ್ತಿತ್ತು. ನಮ್ಮೂರಲ್ಲಿ ನೀರು ಅಳೆಯುವುದು ಹೊಳೆಯ ಮೆಟ್ಟಿಲಿನಿಂದ. "ಇನ್ನೂ ಹನ್ನೊಂದು ಮೆಟ್ಟಲಾ ಅದಾವ್ರಿ", "ಒಂಬತ್ತು ಅದಾವ್ರಿ" ಎಂದು ಬಂದವರೆಲ್ಲ ನನಗೆ ವರದಿ ಒಪ್ಪಿಸುವರು. ಮೆಟ್ಟಿಲು ಉಳಿದಿರುವಷ್ಟು ದಿನ ಊರಿಗೆ ಧೈರ್ಯ. ಮುಂಜಾಗ್ರತೆಗೆಂದು ಇಬ್ಬರು ಬಾಣಂತಿಯರನ್ನೂ ಹಾಸಿಗೆ ಹಿಡಿದ ಏಳೆಂಟು ಮುದುಕರನ್ನೂ ಊರ ಹಿಂದಿನ ಶಾಲೆಗೆ ಸಾಗಿಸಿದ್ದೆ. ಕಾಳಜಿ ಕೇಂದ್ರ ಅಲ್ಲಿಯೇ ಎಂದು ಮೇಲಿನಿಂದ ಬಂದ ಕಾಗದದಲ್ಲಿತ್ತು. ಜಾಗ ಸರಿಯಾಗಿದೆ ಎಂದು ಅದರ ಕೆಳಗೆ ಹಾಕಿದ ಸಹಿ ನನ್ನದು. ಹಳ್ಳದ ನೆನಪು ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂದಿತ್ತು. ಕಾಗದದ ಎದುರು ಬಾಯಿ ಬರಲಿಲ್ಲ. ಬತ್ತಿದ ಹಳ್ಳಕ್ಕೆ ಅಂಜಿ ಕಾಳಜಿ ಕೇಂದ್ರ ಬದಲಿಸಿದಳು ಎಂದು ನಕ್ಕಾರು ಎಂಬ ಅಂಜಿಕೆ, ಹೊಳೆಯ ಅಂಜಿಕೆಗಿಂತ ದೊಡ್ಡದಾಯಿತು.

ಆರು ಮೆಟ್ಟಿಲು ಉಳಿದ ದಿನ ಮಧ್ಯಾಹ್ನ ಊರ ಹೆಂಗಸರು ಗಂಗವ್ವನಿಗೆ ಉಡಿ ತುಂಬಲು ಹೊರಟರು. ಹೊಳೆ ಸಿಟ್ಟಾದರೆ ಸೀರೆ, ಖಣ, ಕಾಯಿ, ಬಳೆ ಕೊಟ್ಟು ತವರಿನಿಂದ ಮಗಳನ್ನು ಕಳಿಸಿದ ಹಾಗೆ ಕಳಿಸುವುದು ಪದ್ಧತಿ. ತಟ್ಟೆ ಹಿಡಿದವಳು ಆಯಿ. ಗಂಡಸರು, ಮಕ್ಕಳು, ಮುಪ್ಪಾದವರು, ಇಡೀ ಊರೇ ದಂಡೆಯ ಮೇಲೆ ಹೊಳೆಗೆ ಮುಖ ಮಾಡಿ ನಿಂತಿತ್ತು. ನಾನೂ ಕೈ ಮುಗಿದು ಕಣ್ಣು ಮುಚ್ಚಿದ್ದೆ. ಅಷ್ಟರಲ್ಲಿ ಬಾಯಾರ ಫೋನು.

"ಎಲ್ಲಿದ್ದೀ?"

"ಹೊಳಿ ದಂಡ್ಯಾಗ ಅದೀನ್ರಿ. ಗಂಗವ್ವಗ ಉಡಿ..."

"ಅಲ್ಲೇನ ಮಾಡಾಕತ್ತಿ? ಊರ ಹಿಂದ ಹೋಗು. ಪೈಪ್ ನೋಡು. ಓಡು ಮೊದಲ!"

ವಾಲಿಕಾರನ ಬೈಕಿನ ಹಿಂದೆ ಕೂತು ಹೋದೆ. ಪೈಪಿನ ಹತ್ತಿರ ಇಳಿದಾಗ ಮೊದಲು ಕಂಡದ್ದು ಇಲಿಗಳು. ಕಬ್ಬಿನೊಳಗಿಂದ ಹೊರಬಂದು, ನಮಗೆ ಅಂಜದೆ, ರಸ್ತೆಯ ಮೇಲೆ ಸಾಲಾಗಿ ಹೋಗುತ್ತಿದ್ದವು. ಗಾಳಿ ಇರಲಿಲ್ಲ, ಆದರೂ ಕಬ್ಬಿನ ಗರಿ ನಡುಗುತ್ತಿದ್ದವು. ಬಗ್ಗಿ ನೋಡಿದೆ. ಪೈಪಿನಲ್ಲಿ ನೀರಿತ್ತು. ಅದರ ಮೇಲೆ ಕಬ್ಬಿನ ಒಣಗಿದ ಗರಿ, ರವದಿ, ತೇಲಿ ಹೋಗುತ್ತಿತ್ತು. ಹೊಳೆಯ ಕಡೆಗಲ್ಲ. ಹೊಳೆಯ ಕಡೆಯಿಂದ ಒಳಕ್ಕೆ, ತಗ್ಗಿನಿಂದ ಮೇಲಕ್ಕೆ, ಸದ್ದಿಲ್ಲದೆ. ನೀರು ಹಿಂದಕ್ಕೆ ಹರಿಯುವುದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಮುನ್ನೂರು ಹೆಜ್ಜೆ ಆಚೆ ಶಾಲೆ. ಕಿಟಕಿಯಲ್ಲಿ ಬಾಣಂತಿಯೊಬ್ಬಳು ಕೂಸಿನ ಬಟ್ಟೆ ಒಣಹಾಕುತ್ತಿದ್ದಳು. ನಾನು ಅಲ್ಲಿಯೇ ರಸ್ತೆಯ ಮೇಲೆ ಕುಕ್ಕರಿಸಿ ಅತ್ತೆ. ಸಾಯುವ ಅಂಜಿಕೆ ಅಂದರೆ ಏನೆಂದು ಅವತ್ತು ಗೊತ್ತಾಯಿತು, ಅದೂ ನನ್ನ ಸಾವಿನದಲ್ಲ.

ವಾಲಿಕಾರನನ್ನು ಶಾಲೆಗೆ ಅಟ್ಟಿ, ನಾನು ದಂಡೆಗೆ ಓಡಿದೆ. ಹಿಂದಿನಿಂದ ನೀರು ಬರಾಕತ್ತೇತಿ ಎಂದು ಕೂಗಿದೆ. ಯಾರೂ ತಿರುಗಲಿಲ್ಲ. ಉಡಿ ತುಂಬುವಾಗ ಗಂಗವ್ವನಿಗೆ ಬೆನ್ನು ತೋರಿಸಬಾರದು. "ಹೊಳಿ ಇಲ್ಲೈತಿ, ಆರ ಮೆಟ್ಟಲಾ ಕೆಳಗೈತಿ. ಹಿಂದ ಹೆಂಗ ಬರತೈತ್ರೀ ತಲಾಟಿ ಬಾಯಾರ?" ಎಂದು ಒಬ್ಬರು ಕೇಳಿದರು, ಕೆಲವರು ನಕ್ಕರು. ನಾನು ಫೋನು ಇಟ್ಟಿರಲೇ ಇಲ್ಲ; ಆ ಕಡೆ ಬಾಯಾರು ಇನ್ನೂ ಇದ್ದರು, ಎಲ್ಲ ಕೇಳಿಸಿಕೊಂಡಿದ್ದರು.

"ತಟ್ಟಿ ಯಾರ ಕೈಯಾಗೈತಿ? ಅವರಿಗಿ ಕೊಡು" ಅಂದರು.

ಫೋನಿನ ದನಿ ದೊಡ್ಡದು ಮಾಡಿ ಆಯಿಯ ಕಿವಿಯ ಹತ್ತಿರ ಹಿಡಿದೆ. ಬಾಯಾರು ಅಂದದ್ದು ಇಷ್ಟೇ: "ಯವ್ವಾ, ಗಂಗವ್ವ ಎಲ್ಲಿಗಿ ಬಂದಾಳ ಅಲ್ಲಿಗಿ ಹೋಗಿ ಉಡಿ ತುಂಬಬೇಕಲ್ಲ? ಆಕಿ ಮುಂಚಿ ಬಾಗಲಕ್ಕ ನಿಂತಿಲ್ಲ. ಹಿತ್ತಲ ಬಾಗಲಕ್ಕ ಬಂದು ನಿಂತಾಳ. ತಟ್ಟಿ ಅಲ್ಲಿಗಿ ಒಯ್ಯಿ."

ಆಯಿ ಒಂದು ಗಳಿಗೆ ಹೊಳೆಯನ್ನು ನೋಡಿದಳು. ಆಮೇಲೆ ತಟ್ಟೆಯನ್ನು ತಲೆಯ ಮೇಲಿಟ್ಟುಕೊಂಡು ಊರ ಹಿಂದಕ್ಕೆ ನಡೆದಳು. ಊರು ಆಕೆಯ ಹಿಂದೆ ಬಂತು. ನಾವು ಮುಟ್ಟುವಾಗ ರಸ್ತೆಯ ತಗ್ಗಿನಲ್ಲಿ ಹಿಮ್ಮಡಿ ಮುಳುಗುವಷ್ಟು ನೀರಾಗಿತ್ತು. ರವದಿ ಮೇಲ್ಮುಖವಾಗಿ ಹೋಗುವುದನ್ನು ಎಲ್ಲರೂ ನೋಡಿದರು. ನಗುವವರು ಯಾರೂ ಇರಲಿಲ್ಲ. ಆಯಿ ಅಲ್ಲಿಯೇ ಉಡಿ ತುಂಬಿ, ಕಾಯಿ ಬಿಟ್ಟು, ತಿರುಗಿ, "ನಿಂತು ಏನ ನೋಡತೀರಲೇ, ಟ್ರ್ಯಾಕ್ಟರ್ ತರ್ರಿ!" ಎಂದು ಗುಡುಗಿದಳು.

ಎಲ್ಲಿಗೆ ಹೋಗಬೇಕೆಂದು ನನ್ನ ಚೀಲದ ಹಾಳೆ ಹೇಳಿತು. ಕಂದು ಸುತ್ತಿನ ದಿನ್ನೆ ಹಳ್ಳದಾಚೆಗಿತ್ತು. ಬೀರೇಶ್ವರ ದೇವರ ಗುಡಿ ಇರುವ, ಕುರುಬರು ಕುರಿ ತರುಬುವ ಜಾಗ. ಹಳೆಯ ನಕಾಶೆಯಲ್ಲೂ ಬಿಳಿ ಬಿಟ್ಟಿದ್ದರು, ಈಗಲೂ ಯಾರೂ ಬಿತ್ತಿಲ್ಲ. ಬಾಣಂತಿಯರು, ಮುದುಕರು ಮೊದಲ ಟ್ರ್ಯಾಕ್ಟರಿನಲ್ಲಿ ದಾಟಿದರು. ಕೂಸೊಂದನ್ನು ನಾನೇ ಎದೆಗೆ ಒತ್ತಿ ಹಿಡಿದಿದ್ದೆ. ಅದು ನಿದ್ದೆ ಮಾಡುತ್ತಿತ್ತು, ನನ್ನ ಹಲ್ಲು ಕಟಕಟ ಅನ್ನುತ್ತಿದ್ದವು. ಕೊನೆಯ ಟ್ರ್ಯಾಕ್ಟರ್ ಕರುಗಳನ್ನು ತಂದಾಗ ನೀರು ಗಾಲಿಯ ನಡುಗುಂಬಕ್ಕೆ ಬಂದಿತ್ತು. ಹೊತ್ತು ಮುಳುಗುವ ಮೊದಲು ರಸ್ತೆ ಕಾಣದಾಯಿತು. ಮರುದಿನ ಶಾಲೆಯ ಕಿಟಕಿ ಅರ್ಧ ಮುಳುಗಿತ್ತು. ಹೊಳೆಯ ಕಡೆ ಇನ್ನೂ ಎರಡು ಮೆಟ್ಟಿಲು ಉಳಿದಿದ್ದವು.

ನೀರು ಇಳಿದ ಮೇಲೆ ಊರ ಹೆಂಗಸರು ಕೂಡಿ ಬಾಯಾರಿಗೆಂದು ಬನಹಟ್ಟಿಯ ಒಂದು ಸೀರೆ ತಂದರು, ಹಸಿರು ಒಡಲು, ಕೆಂಪು ಅಂಚು. ಆಯಿ ನನ್ನ ಕೈಯಲ್ಲಿಟ್ಟು, "ಫೋನಿನಾಗ ಮಾತಾಡಿದ ನಮ್ಮವ್ವಗ ಕೊಡು" ಅಂದಳು. ನಾನು ಹಿಗ್ಗಿನಿಂದ ಜಮಖಂಡಿಗೆ ಬಂದು ಅವರ ತೊಡೆಯ ಮೇಲಿಟ್ಟೆ. ಬಾಯಾರು ಕೆಂಡ ಮುಟ್ಟಿದವರ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡರು.

"ತಗೊಂಡ ಹೋಗು. ನಂಗ ಬ್ಯಾಡ."

ಒತ್ತಾಯ ಮಾಡಿದೆ. ಆಗ ಹೇಳಿದರು, ನನ್ನ ಮುಖ ನೋಡದೆ, ಬೆರಳಿನ ತಗ್ಗನ್ನು ಇನ್ನೊಂದು ಕೈಯ ಉಗುರಿನಿಂದ ಕೆರೆಯುತ್ತ.

"ನಿಮ್ಮ ಕಚೇರಿ ಗ್ವಾಡಿ ಮ್ಯಾಲಿನ ನಕಾಶಿ ನಂದು. ನಾ ಹೊಸಾಕಿ ಇದ್ದೆ. ಸಾಹೇಬರು ಅಂದ್ರು, ಬಾಯಿ, ಒಣ ಹಳ್ಳಾ ಎಲ್ಲಾ ಯಾಕ ಎಳೀತಿ, ಹೊಲಸ ಕಾಣತೈತಿ, ನೀರ ಇದ್ದದ್ದಷ್ಟ ತಗೀ ಅಂತ. ಬಿಡಬಾರದು ಅಂತ ಗೊತ್ತಿತ್ತು ತಂಗಿ. ನೌಕರಿ ಹೋದೀತು ಅಂತ ಅಂಜಿದೆ, ಬಿಟ್ಟೆ. ಅದನ್ನ ನೋಡಿ ಮತ್ತೊಬ್ಬರು ಇಳಿಸಿಕೊಂಡ್ರು, ಅದನ್ನ ನೋಡಿ ರಸ್ತೆ ಆತು, ಸಾಲಿ ಜಾಗಾ ಗೊತ್ತಾತು. ಪ್ರತಿ ಮಳಿಗಾಲಕ್ಕ ಅಂಜತೇನಿ. ನೀ ಆ ಊರಿಗಿ ಹೊಂಟೇನಿ ಅಂದ ದಿನಾನ ನನ್ನ ಜೀವ ಹಾರಿತ್ತು."

ನಾನೂ ಕಾಗದಕ್ಕೆ ಅಂಜಿ ಸಹಿ ಹಾಕಿದವಳು. ಅದನ್ನು ಅವರಿಗೆ ಹೇಳಲಿಲ್ಲ. "ಊರವರಿಗಿ ಹೇಳತಿ ಏನು?" ಎಂದು ಕೇಳಿದರು. ನಾನು ಸೀರೆಯನ್ನು ನನ್ನ ತೊಡೆಗೆ ಎಳೆದುಕೊಂಡೆ. "ಹೇಳು. ಆದ್ರ ನಾ ಹೋದ ಮ್ಯಾಲೆ ಹೇಳು. ಅವರು ಬೈತಾರ ಅಂತ ಅಲ್ಲ. ಬೈಲಿಲ್ಲ ಅಂದ್ರ ತಡಕೊಳ್ಳೂದು ಆಗೂದಿಲ್ಲ ನಂಗ."

ಮರುದಿನ ಕಚೇರಿಯಲ್ಲಿ ಕುರ್ಚಿ ಹಾಕಿ ಹತ್ತಿ ಗೋಡೆಯ ನಕಾಶೆಯ ಮೂಲೆ ಒರೆಸಿದೆ. ಟ್ರೇಸ್ ಮಾಡಿದವರು ಎಂಬಲ್ಲಿ ಅವರ ಪುಟ್ಟ ಸಹಿ ಇತ್ತು. ವರ್ಷಗಟ್ಟಲೆ ಅದರ ಕೆಳಗೇ ಕೂತು ನಾನು ಓದಿರಲಿಲ್ಲ.

ಮುಂದಿನ ಮಳೆಗಾಲವನ್ನು ಬಾಯಾರು ನೋಡಲಿಲ್ಲ. ಬೇಸಿಗೆಯ ಒಂದು ಮುಂಜಾನೆ ಪೂಜೆಗೆ ಕೂತವರು ಏಳಲಿಲ್ಲ. ಪದ್ಧತಿಯಂತೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಸುದ್ದಿ ತಿಳಿದು ಆಯಿ ನಾಲ್ಕೈದು ಹೆಂಗಸರನ್ನು ಕರೆದುಕೊಂಡು ಟೆಂಪೋದಲ್ಲಿ ಬಂದಳು. ಆ ಸೀರೆ ನನ್ನ ಕೋಣೆಯಲ್ಲೇ ಇತ್ತು, ತಂದು ಕೈಯಲ್ಲಿ ಹಿಡಿದು ನಿಂತಿದ್ದೆ. ಆಯಿ ಅದನ್ನು ಗುರುತಿಸಿದಳು.

"ಮಡಿಕಿ ಸೈತ ಮುರದಿಲ್ಲಲ್ಲ. ಉಡಲಿಲ್ಲೇನು?"

ಆಕೆಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಹೇಳಿದೆ. ತೊದಲುತ್ತಲೇ ಎಲ್ಲವನ್ನೂ ಹೇಳಿದೆ. ನನ್ನ ಸಹಿಯದ್ದನ್ನೂ ಹೇಳಿದೆ. ಆಯಿ ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿ, ಬಾಯಿ ಮುಕ್ಕಳಿಸಿದಳು. ಬೈಯುತ್ತಾಳೆಂದು ಕಾದೆ. ಇದ್ದಕ್ಕಿದ್ದ ಹಾಗೆ ನನ್ನ ಕೈಯಿಂದ ಸೀರೆ ಕಸಿದುಕೊಂಡಳು.

"ಬಾಯಾರು ಹಾಳ್ಯಾಗಿನ ಗೆರಿ ಬಿಟ್ರು. ನಾವು ಹಳ್ಳಾನ ಮುಚ್ಚಿದ್ವಿ. ಯಾರಿಗಿ ಯಾರ ಬೈಬೇಕವಾ?"

ಒಳಗೆ ಹೋಗಿ, ಮಡಿಕೆ ಬಿಚ್ಚಿ, ತಣ್ಣಗಾಗಿದ್ದ ಆ ಹೆಗಲಿನ ಮೇಲೆ ಹೊದಿಸಿದಳು.